ಪೂರ್ವಷರತ್ತು ಮತ್ತು ಉತ್ತರಷರತ್ತು
ಪ್ರೋಗ್ರಾಮಿಂಗ್‌ನಲ್ಲಿ ಒಂದು ಫಂಕ್ಷನ್ ಶುರುವಾಗುವ ಮುನ್ನ ನಿಜವಾಗಿರಬೇಕಾದ ಸಂಗತಿ ಪೂರ್ವಷರತ್ತು. ಮುಗಿದಾಗ ನಿಜವಾಗಿರಬೇಕಾದದ್ದು ಉತ್ತರಷರತ್ತು. ಮೊದಲನೆಯದು ಫಂಕ್ಷನ್ನನ್ನು ಕರೆಯುವವರ ಹೊಣೆ, ಎರಡನೆಯದು ಬರೆದವರ ಹೊಣೆ.

ವಿಶಾಖಪಟ್ಟಣ–ವಿಜಯವಾಡ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಕಾದಿರಿಸುವ ಫಂಕ್ಷನ್ ಬರೆಯಬೇಕೆನ್ನಿ. ಹತ್ತುವ ನಿಲ್ದಾಣ ಇಳಿಯುವುದಕ್ಕಿಂತ ಮೊದಲು ಬರಬೇಕು: ವಿಜಯವಾಡದತ್ತ ಹೊರಟ ಗಾಡಿಗೆ ಏಲೂರಿನಲ್ಲಿ ಹತ್ತಿ ರಾಜಮಂಡ್ರಿಯಲ್ಲಿ ಇಳಿಯಲಾಗದು. ಆ ಹಾದಿಯುದ್ದಕ್ಕೂ ಒಂದಾದರೂ ಸೀಟು ಖಾಲಿ ಇರಬೇಕು. ಇವು ಪೂರ್ವಷರತ್ತುಗಳು. ಕೆಲಸ ಮುಗಿದ ಮೇಲೆ ಆ ಹಾದಿಯ ಪ್ರತಿ ತುಂಡಿನಲ್ಲೂ ಖಾಲಿ ಸೀಟು ಸರಿಯಾಗಿ ಒಂದು ಕಡಿಮೆಯಾಗಿರಬೇಕು, ಉಳಿದ ತುಂಡುಗಳ ಲೆಕ್ಕ ಇದ್ದಂತೆಯೇ ಇರಬೇಕು. ಈ ಕೊನೆಯ ಮಾತನ್ನು ಬರೆಯದೆ ಬಿಡುವುದು ಸುಲಭ. ಬಿಟ್ಟರೆ, ರಾಜಮಂಡ್ರಿಯವರೆಗಿನ ಟಿಕೆಟ್ಟು ಅಲ್ಲಿಂದ ಮುಂದಿನ ತುಂಡಿನ ಸೀಟನ್ನೂ ನುಂಗಿದರೂ ಉತ್ತರಷರತ್ತಿನ ತಪಾಸಣೆ ಅದನ್ನು ಹಿಡಿಯದು.

1969ರಲ್ಲಿ ಗಣಕ ವಿಜ್ಞಾನಿ ಟೋನಿ ಹೋರ್ ಇಂಥ ಷರತ್ತುಗಳಿಗೆ ತರ್ಕದ ನಿಯಮಗಳನ್ನು ಕೊಟ್ಟರು. 1980ರ ದಶಕದಲ್ಲಿ ಬರ್ಟ್ರಾಂಡ್ ಮೇಯರ್ ತಾವು ರೂಪಿಸಿದ ಐಫೆಲ್ ಭಾಷೆಯಲ್ಲಿ ಪೂರ್ವಷರತ್ತನ್ನು ‘ರಿಕ್ವೈರ್’, ಉತ್ತರಷರತ್ತನ್ನು ‘ಎನ್ಶೂರ್’ ಎಂಬ ಪದಗಳಾಗಿ ಅಳವಡಿಸಿದರು. ಅದೇ ಭಾಷೆಯ ‘ಓಲ್ಡ್’ ಎಂಬುದು ಫಂಕ್ಷನ್ ಶುರುವಾದಾಗಿನ ಮೌಲ್ಯವನ್ನು ಉತ್ತರಷರತ್ತಿಗಾಗಿ ನೆನಪಿಡುತ್ತದೆ. ಅಡಾ ಭಾಷೆಗೆ ಇವು 2012ರ ಆವೃತ್ತಿಯಲ್ಲಿ ಬಂದವು. ಪೈಥಾನ್‌ನಲ್ಲಿ ‘ಅಸರ್ಟ್’ನಿಂದಲೇ ಕೆಲಸ ಸಾಗಿಸುವುದುಂಟು, ಆದರೆ ಆಪ್ಟಿಮೈಸ್ ಆಯ್ಕೆಯೊಂದಿಗೆ ಓಡಿಸಿದರೆ ಆ ತಪಾಸಣೆಗಳೆಲ್ಲ ಮಾಯ. ಹಾಗಾಗಿ ಬಳಕೆದಾರರು ಟೈಪ್ ಮಾಡಿದ ಮಾಹಿತಿಯ ತಪಾಸಣೆಯನ್ನು ‘ಅಸರ್ಟ್’ನ ಕೈಗೆ ಒಪ್ಪಿಸಬಾರದು.