ಈಜುಕೊಳಕ್ಕೆ ಉಪ್ಪುನೀರಿನ ಕ್ಲೋರಿನ್ ಯಂತ್ರ: ಕೊಳ್ಳುವ ಮೊದಲು ಬೋರ್‌ವೆಲ್ ನೀರನ್ನು ಟೆಸ್ಟ್ ಮಾಡಿಸಿ

ಹೊಸ ಮನೆ ಕಟ್ಟುವವರು, ಹೋಂಸ್ಟೇ ಮಾಡುವವರು, ಗಲ್ಫ್‌ನಿಂದ ಬಂದು ತೋಟದ ಮನೆ ಮಾಡುವವರು ಈಗ ಮಕ್ಕಳಿಗೆ ಅಂತ ಒಂದು ಚಿಕ್ಕ ಈಜುಕೊಳವನ್ನೂ ಪ್ಲಾನ್‌ಗೆ ಸೇರಿಸುತ್ತಿದ್ದಾರೆ. ಜೊತೆಗೆ ಬರುವ ಪ್ರಶ್ನೆ: "ಸಾಲ್ಟ್ ಪೂಲ್ ಮಾಡಿಸಿದರೆ ಕ್ಲೋರಿನ್ ತಲೆನೋವು ಇರುವುದಿಲ್ಲವಂತೆ, ಹೌದಾ?" ಅಂಗಡಿಯವರು ಹೌದು ಅನ್ನುತ್ತಾರೆ. ಪೂರ್ತಿ ನಿಜ ತಿಳಿದುಕೊಂಡು ದುಡ್ಡು ಹಾಕುವುದು ಒಳ್ಳೆಯದು.

ಇಲ್ಲಿ ಉದಾಹರಣೆಗೆ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ನಲ್ಲಂಪಳ್ಳಿಯನ್ನು ತೆಗೆದುಕೊಂಡಿದ್ದೇನೆ. ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ದಾರಿಯಲ್ಲಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿಗೆ ಮೊದಲು ಸಿಗುವ ಊರು ಇದು. ಒಣ ಬಯಲು, ಗಟ್ಟಿ ಬಂಡೆ, ಆಳದ ಬೋರ್‌ವೆಲ್. ನಮ್ಮ ಕರಾವಳಿಯ ಬಾವಿ ನೀರಿಗೂ ಅಲ್ಲಿನ ನೀರಿಗೂ ಅಜಗಜಾಂತರ. ಮಂಗಳೂರಿನಲ್ಲಿ ಚೆನ್ನಾಗಿ ನಡೆಯುವ ಯಂತ್ರ ಅಲ್ಲಿ ಒಂದೇ ವರ್ಷದಲ್ಲಿ ಕೈಕೊಡಬಹುದು. ಈ ವ್ಯತ್ಯಾಸ ಅರ್ಥವಾದರೆ ಯಾವ ಊರಿನವರಾದರೂ ಸರಿಯಾದ ಯಂತ್ರ ಆರಿಸಬಹುದು.

ಉಪ್ಪಿನ ಕೊಳವೂ ಕ್ಲೋರಿನ್ ಕೊಳವೇ

ಯಂತ್ರದ ಒಳಗೆ ವಿಶೇಷ ಲೇಪನ ಕೊಟ್ಟ ಟೈಟಾನಿಯಂ ತಗಡುಗಳಿರುತ್ತವೆ. ಇದನ್ನು ಸೆಲ್ ಅನ್ನುತ್ತಾರೆ. ಉಪ್ಪು ಬೆರೆತ ನೀರು ಇದರ ಮೂಲಕ ಹಾದುಹೋಗುವಾಗ ಕಡಿಮೆ ವೋಲ್ಟೇಜಿನ ವಿದ್ಯುತ್ ಹರಿಸಿದರೆ ಕ್ಲೋರಿನ್ ಹುಟ್ಟುತ್ತದೆ. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುವುದೂ ಮೂಲತಃ ಇದೇ ಕ್ರಿಯೆ. ಹುಟ್ಟಿದ ಕ್ಲೋರಿನ್ ರೋಗಾಣು ಕೊಂದು, ಬಹುಪಾಲು ಮತ್ತೆ ಉಪ್ಪಿನ ರೂಪಕ್ಕೆ ಬರುತ್ತದೆ. ಹಾಗಾಗಿ ಉಪ್ಪು ಬೇಗ ಖರ್ಚಾಗುವುದಿಲ್ಲ. ಫಿಲ್ಟರ್ ತೊಳೆದಾಗ, ಮಳೆಗೆ ಕೊಳ ತುಂಬಿ ಹರಿದಾಗ, ಮಕ್ಕಳು ನೀರು ಎರಚಿದಾಗ ಹೋದಷ್ಟನ್ನು ಮಾತ್ರ ತುಂಬಬೇಕು.

ಹೆಚ್ಚಿನ ಯಂತ್ರಗಳಿಗೆ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಅಯೋಡಿನ್ ಸೇರಿಸದ, ಶುದ್ಧೀಕರಿಸಿದ ಉಪ್ಪನ್ನೇ ಹಾಕಿ. ಅಗ್ಗಕ್ಕೆ ಸಿಗುವ ಕಲ್ಲುಪ್ಪಿನಲ್ಲಿ ಮಣ್ಣು, ಸುಣ್ಣದ ಅಂಶ ಇರುತ್ತದೆ.

ಇದು ಬರೀ ಶೋಕಿಯ ವಿಷಯ ಅಲ್ಲ

ನೆರೆಯ ಕೇರಳದಲ್ಲಿ 2024ರಿಂದ ಅಮೀಬಾ ಮೆದುಳು ಸೋಂಕಿನ ಸುದ್ದಿ ನಾವೆಲ್ಲ ಓದುತ್ತಿದ್ದೇವೆ. ಆ ವರ್ಷ ತೀರಿಕೊಂಡ ಕಣ್ಣೂರಿನ ಒಬ್ಬ ವಿದ್ಯಾರ್ಥಿನಿ ಶಾಲಾ ಪ್ರವಾಸದಲ್ಲಿ ಮುನ್ನಾರ್‌ನ ಈಜುಕೊಳಕ್ಕೆ ಇಳಿದಿದ್ದಳು ಅಂತ ವರದಿಯಾಗಿತ್ತು. 2025ರ ಆಗಸ್ಟ್‌ನಲ್ಲಿ ಕೇರಳ ಸರಕಾರ ಬಾವಿ, ಟ್ಯಾಂಕ್‌ಗಳಿಗೆ ಕ್ಲೋರಿನ್ ಹಾಕುವ ಅಭಿಯಾನವನ್ನೇ ನಡೆಸಿತು. ಈ ಅಮೀಬಾ ಮುಖ್ಯವಾಗಿ ಮೂಗಿನ ದಾರಿಯಲ್ಲಿ ಒಳಹೋಗುತ್ತದೆ. ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರು ಅದಕ್ಕೆ ಇಷ್ಟ. ಗಲ್ಫ್‌ನಲ್ಲಿರುವ ಮಗ ವರ್ಷಕ್ಕೆ ಒಂದು ತಿಂಗಳು ಬರುತ್ತಾನೆ, ಉಳಿದ ದಿನ ಕೊಳ ಸುಮ್ಮನೆ ನಿಂತಿರುತ್ತದೆ ಅನ್ನುವ ಮನೆಗಳಲ್ಲಿ ಅಪಾಯ ಜಾಸ್ತಿ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುವ ಪ್ರಕಾರ ಕೊಳದ ನೀರಿನಲ್ಲಿ ಕನಿಷ್ಠ 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಬಿಸಿಲಿಗೆ ಕ್ಲೋರಿನ್ ಹಾರದಂತೆ ತಡೆಯುವ ಸಯನ್ಯೂರಿಕ್ ಆಸಿಡ್ ಹಾಕಿದ್ದರೆ ಕನಿಷ್ಠ 2. ಪಿಎಚ್ 7.0ರಿಂದ 7.8ರ ಒಳಗಿರಬೇಕು. ಯಂತ್ರದ ಹಸಿರು ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ನೀರಿನಲ್ಲಿ ಕ್ಲೋರಿನ್ ಇದೆ ಎಂದರ್ಥವಲ್ಲ. ಟೆಸ್ಟ್ ಕಿಟ್ ತಂದು ನೀವೇ ನೋಡಬೇಕು.

ನಲ್ಲಂಪಳ್ಳಿಯ ನೀರಿನ ಸಮಸ್ಯೆ

ಧರ್ಮಪುರಿ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕಾಗಿಯೇ ಜಪಾನಿನ ಜೈಕಾ ಸಾಲದಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮಾಡಲಾಯಿತು. 2013ರಲ್ಲಿ ಶುರುವಾದ ಈ ಯೋಜನೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಕೊಡುತ್ತದೆ. ಈಜುಕೊಳಕ್ಕೆ ಫ್ಲೋರೈಡ್ ದೊಡ್ಡ ಸಮಸ್ಯೆಯಲ್ಲ, ಯಾಕೆಂದರೆ ಆ ನೀರನ್ನು ನಾವು ಕುಡಿಯುವುದಿಲ್ಲ. ಕಾಡುವುದು ಗಡಸುತನ, ಅಂದರೆ ನೀರಿನಲ್ಲಿರುವ ಸುಣ್ಣ.

ಸೆಲ್‌ನ ತಗಡಿನ ಹತ್ತಿರ ಪಿಎಚ್ ಏರುತ್ತದೆ. ಗಡಸು ನೀರಿದ್ದರೆ ಅಲ್ಲೇ ಬಿಳಿ ಸುಣ್ಣ ಗಟ್ಟಿಯಾಗಿ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಹಾಗೆಯೇ. ಸುಣ್ಣ ಕೂತಷ್ಟೂ ಕ್ಲೋರಿನ್ ಕಡಿಮೆ, ಸೆಲ್‌ನ ಆಯುಸ್ಸೂ ಕಡಿಮೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಸುಣ್ಣ ಕೊಳದಲ್ಲೇ ಉಳಿಯುತ್ತದೆ. ಕಡಿಮೆಯಾದ ನೀರಿಗೆ ಮತ್ತೆ ಬೋರ್‌ವೆಲ್ ನೀರು ಬಿಟ್ಟರೆ ಇನ್ನಷ್ಟು ಸುಣ್ಣ ಸೇರುತ್ತದೆ.

ಕೊಳದಲ್ಲಿ ಗಡಸುತನ ಸಾಮಾನ್ಯವಾಗಿ 200ರಿಂದ 400 ಪಿಪಿಎಂ ಇದ್ದರೆ ಒಳ್ಳೆಯದು. ಬೋರ್‌ವೆಲ್‌ನಲ್ಲೇ 500 ದಾಟಿದ್ದರೆ ಯಂತ್ರಕ್ಕಿಂತ ಮೊದಲು ನೀರಿನ ಯೋಚನೆ ಮಾಡಿ. ಮಳೆಗಾಲದಲ್ಲಿ ತಾರಸಿ ನೀರು ಹಿಡಿದು ಕೊಳಕ್ಕೆ ಬಿಡುವುದು ಎಲ್ಲಕ್ಕಿಂತ ಸುಲಭದ ದಾರಿ.

ಹಾಗಾದರೆ ಅಲ್ಲಿ ಯಂತ್ರವೇ ಬೇಡವಾ? ಹಾಗೇನಿಲ್ಲ. ಬ್ಲೀಚಿಂಗ್ ಪೌಡರ್ ಅಥವಾ ಕ್ಯಾಲ್ಸಿಯಂ ಹೈಪೋ ದಿನಾಲೂ ಹಾಕಿದರೆ ಅದೂ ಸುಣ್ಣ ಸೇರಿಸುತ್ತದೆ. ದಿನಕ್ಕೆ 3 ಪಿಪಿಎಂ ಕ್ಲೋರಿನ್ ಕ್ಯಾಲ್ಸಿಯಂ ಹೈಪೋ ರೂಪದಲ್ಲಿ ಹಾಕಿದರೆ ತಿಂಗಳಿಗೆ ಸುಮಾರು 60 ಪಿಪಿಎಂ ಗಡಸುತನ ಏರುತ್ತದೆ. ಉಪ್ಪಿನ ಯಂತ್ರ ಸುಣ್ಣ ಸೇರಿಸುವುದಿಲ್ಲ. ಇರುವ ಸುಣ್ಣವನ್ನು ಸೆಲ್ ಮೇಲೆ ಕೂರದಂತೆ ನೋಡಿಕೊಂಡರೆ ಗಡಸು ನೀರಿನ ಊರಿಗೂ ಅದು ಒಳ್ಳೆಯ ಆಯ್ಕೆ.

ಕರಾವಳಿಯಲ್ಲಿ ಕಥೆ ಉಲ್ಟಾ. ದೇರಳಕಟ್ಟೆ, ಉಪ್ಪಿನಂಗಡಿ ಕಡೆ ಮುರಕಲ್ಲಿನ ಬಾವಿ ನೀರು ಮೆದು, ಸ್ವಲ್ಪ ಹುಳಿ. ಅಂಥ ನೀರು ಕೊಳದ ಸಿಮೆಂಟನ್ನೂ ಟೈಲ್ಸ್ ನಡುವಿನ ಗಾರೆಯನ್ನೂ ತಿನ್ನುತ್ತದೆ. ಅಲ್ಲಿ ಕ್ಯಾಲ್ಸಿಯಂ ಸೇರಿಸಬೇಕಾಗಬಹುದು.

ಎಷ್ಟು ದೊಡ್ಡ ಯಂತ್ರ? ಲೆಕ್ಕ ಹೀಗೆ

20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕೊಳ ಅಂದರೆ 800 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 22,600 ಲೀಟರ್.

ಉಪ್ಪು: ಲೀಟರಿಗೆ 3.5 ಗ್ರಾಂ ಅಂದರೆ ಸುಮಾರು 80 ಕೆಜಿ.

ಕ್ಲೋರಿನ್: ಬಿಸಿಲಿನ ಊರಿನಲ್ಲಿ ದಿನಕ್ಕೆ 3 ಪಿಪಿಎಂ ಬೇಕು ಅಂತ ಇಟ್ಟುಕೊಂಡರೆ ಸುಮಾರು 68 ಗ್ರಾಂ. ಪಂಪ್ ದಿನಕ್ಕೆ 8 ಗಂಟೆ ಓಡಿದರೆ ಗಂಟೆಗೆ 8.5 ಗ್ರಾಂ.

ಇದರ ಎರಡರಷ್ಟು ಸಾಮರ್ಥ್ಯದ, ಅಂದರೆ ಗಂಟೆಗೆ 16ರಿಂದ 20 ಗ್ರಾಂ ಕೊಡುವ ಯಂತ್ರ ತೆಗೆದುಕೊಂಡು ಅರ್ಧ ಸಾಮರ್ಥ್ಯದಲ್ಲಿ ಓಡಿಸಿ. ಚಿಕ್ಕದು ಅಗ್ಗ ಅಂತ ಕಾಣುತ್ತದೆ. ಆದರೆ ಸೆಲ್‌ನ ಆಯುಸ್ಸು 10,000 ಗಂಟೆ ಅಂತ ಕಂಪೆನಿ ಹೇಳಿದ್ದರೆ, ದಿನಕ್ಕೆ ಪೂರ್ತಿ 8 ಗಂಟೆ ದುಡಿಯುವ ಸೆಲ್ ಮೂರೂವರೆ ವರ್ಷದೊಳಗೆ ಮುಗಿಯುತ್ತದೆ. ಅರ್ಧ ಹೊತ್ತು ದುಡಿಯುವ ಸೆಲ್ ಆರೂಮುಕ್ಕಾಲು ವರ್ಷ ಬರಬಹುದು. ಸೆಲ್‌ನ ಬೆಲೆಯನ್ನು ಅದರ ಗಂಟೆಗಳಿಂದ ಭಾಗಿಸಿ ನೋಡಿ, ಯಾವುದು ನಿಜವಾಗಿ ಅಗ್ಗ ಅಂತ ತಿಳಿಯುತ್ತದೆ.

ಕರೆಂಟ್ ಲೆಕ್ಕವನ್ನೂ ಮರೆಯಬೇಡಿ. 1 ಎಚ್‌ಪಿ ಪಂಪ್ ದಿನಕ್ಕೆ 8 ಗಂಟೆ ಓಡಿದರೆ ಸುಮಾರು 6 ಯೂನಿಟ್. ತಮಿಳುನಾಡಿನಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ, ಅಲ್ಲಿಗೆ 360 ಯೂನಿಟ್. ಮನೆಯ ಬಳಕೆಯ ಮೇಲೆ ಇದು ಸೇರಿ ಸ್ಲ್ಯಾಬ್ ಮೇಲಕ್ಕೆ ಹೋಗುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ್ದು

1. ಗಂಟೆಗೆ ಎಷ್ಟು ಗ್ರಾಂ ಕ್ಲೋರಿನ್? "ಇಷ್ಟು ಲೀಟರ್ ಕೊಳಕ್ಕೆ ಸಾಕು" ಅನ್ನುವ ಮಾತು ಸಾಲದು.
2. ತಗಡಿನ ಧ್ರುವ ತಾನಾಗಿ ಬದಲಾಗುತ್ತದಾ? ಹಾಗೆ ಬದಲಾದರೆ ಕೂತ ಸುಣ್ಣ ಉದುರುತ್ತದೆ. ಗಡಸು ನೀರಿಗೆ ಇದು ಬೇಕೇ ಬೇಕು.
3. ನೀರಿನ ಹರಿವು ನಿಂತರೆ ಯಂತ್ರ ತಾನಾಗಿ ಆಫ್ ಆಗುತ್ತದಾ? ಕ್ರಿಯೆಯಲ್ಲಿ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ಅದು ಪೈಪಿನಲ್ಲಿ ತುಂಬಿಕೊಂಡರೆ ಸ್ಫೋಟದ ಅಪಾಯ.
4. ಹೊಸ ಸೆಲ್‌ಗೆ ಮಾತ್ರ ಎಷ್ಟು ಬೆಲೆ? ವಾರಂಟಿ ವರ್ಷದಲ್ಲೋ ಗಂಟೆಯಲ್ಲೋ? ಸುಣ್ಣ ಕಟ್ಟಿ ಹಾಳಾದರೆ ವಾರಂಟಿ ಸಿಗುತ್ತದಾ? ಉತ್ತರವನ್ನು ಬಿಲ್ ಮೇಲೆ ಬರೆಸಿಕೊಳ್ಳಿ.
5. ಸರ್ವಿಸ್ ಎಲ್ಲಿಂದ ಬರುತ್ತದೆ? ನಲ್ಲಂಪಳ್ಳಿಯವರಿಗೆ ಸೇಲಂನಲ್ಲಿ ಸರ್ವಿಸ್ ಇದ್ದರೆ ಅನುಕೂಲ.
6. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿಕೊಡುತ್ತಾರಾ? ನೀರು, ಉಪ್ಪು, ಕರೆಂಟ್ ಮೂರೂ ಸೇರುವ ಜಾಗ ಅದು.

ತಂದ ಮೇಲೆ

ಉಪ್ಪಿನ ಕೊಳದಲ್ಲಿ ಪಿಎಚ್ ಮೆಲ್ಲಗೆ ಏರುತ್ತಾ ಹೋಗುತ್ತದೆ. ವಾರಕ್ಕೆ ಎರಡು ಸಲವಾದರೂ ನೋಡಿ, 7.6ರ ಒಳಗೆ ಇಟ್ಟರೆ ಸುಣ್ಣವೂ ಕಡಿಮೆ ಕೂರುತ್ತದೆ. ಸೆಲ್ ತೊಳೆಯಲು ಆಸಿಡ್ ಬಳಸುವಾಗ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಕಪಾಟಿನಲ್ಲಿ ಇಡಲೂ ಬೇಡಿ, ಸೇರಿದರೆ ವಿಷಾನಿಲ. ಸಯನ್ಯೂರಿಕ್ ಆಸಿಡ್ ಇಲ್ಲದ ಕೊಳದಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ಅರ್ಧದಷ್ಟು ಕ್ಲೋರಿನ್ ಒಂದು ಗಂಟೆಯೊಳಗೆ ಹಾರಿಹೋಗಬಹುದು. ಮನೆ ಮುಚ್ಚಿ ಹೋಗುವವರು ಟೈಮರ್ ನಂಬಿ ಕೂರಬೇಡಿ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಕ್ಲೋರಿನ್ನೂ ನಿಲ್ಲುತ್ತದೆ. ವಾರಕ್ಕೊಮ್ಮೆ ನೋಡಲು ಒಬ್ಬರನ್ನು ಗೊತ್ತು ಮಾಡಿ.

ಫಿಲ್ಟರ್ ತೊಳೆದ ಉಪ್ಪುನೀರನ್ನು ಪಕ್ಕದ ಹೊಲಕ್ಕೆ, ಬಾವಿ ಕಡೆಗೆ ಬಿಡಬೇಡಿ. ಸುತ್ತ ಬೇಸಾಯ ಮಾಡುವವರ ಮಣ್ಣು ಕೆಡುತ್ತದೆ. ನೆರೆಯವರ ಹಕ್ಕಿನ ಬಗ್ಗೆ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಮಸೀದಿಯ ಹೌಝ್‌ಗೆ ಇದು ಆಗುತ್ತದಾ?

ಕೆಲವು ಜಮಾಅತ್‌ನವರು ಕೇಳುವ ಪ್ರಶ್ನೆ ಇದು. ವುಝೂ ಮಾಡುವಾಗ ಬಾಯಿ ಮುಕ್ಕಳಿಸಿ ಮೂಗಿಗೂ ನೀರು ಏರಿಸುತ್ತೇವೆ, ಉಪ್ಪುನೀರು ಅದಕ್ಕೆ ಹಿತವಲ್ಲ. ಹೌಝ್‌ಗೆ ಅಳತೆ ಮಾಡಿದ ಸಾಮಾನ್ಯ ಕ್ಲೋರಿನ್ ಸಾಕು. ಆದರೆ ತಪ್ಪಿಸಬಾರದು. ಕರಾಚಿಯಲ್ಲಿ ಈಜದೇ ಇದ್ದವರಿಗೂ ಈ ಅಮೀಬಾ ಸೋಂಕು ತಗುಲಿದಾಗ, ಕ್ಲೋರಿನ್ ಇಲ್ಲದ ನಳ್ಳಿ ನೀರಿನಲ್ಲಿ ವುಝೂ ಮಾಡಿದ್ದು ಕಾರಣವಿರಬಹುದು ಎಂದು ವೈದ್ಯರು ಗುರುತಿಸಿದ್ದಾರೆ.

ಕೊನೆಯ ಎರಡು ಮಾತು

ಒಂದು, ಹೊಗೇನಕಲ್ ನೀರನ್ನು ಕೊಳಕ್ಕೆ ತುಂಬಬೇಡಿ. ಗ್ರಾಮೀಣ ಮನೆಗಳಿಗೆ ಸರಕಾರ ಲೆಕ್ಕ ಹಾಕುವುದು ತಲೆಗೆ ದಿನಕ್ಕೆ 55 ಲೀಟರ್. ಮೇಲೆ ಹೇಳಿದ ಚಿಕ್ಕ ಕೊಳದ 22,600 ಲೀಟರ್ ಅಂದರೆ 410 ಜನರ ಒಂದು ದಿನದ ನೀರು. ಫ್ಲೋರೈಡ್‌ನಿಂದ ಹಲ್ಲು, ಎಲುಬು ಕೆಟ್ಟ ಜನರಿಗಾಗಿ ತಂದ ನೀರು ಅದು. ವುಝೂವಿಗೂ ನೀರು ಪೋಲು ಮಾಡಬಾರದು ಅಂತ ಮದ್ರಸದಲ್ಲಿ ಕಲಿತವರು ನಾವು.

ಎರಡು, ನೀರು ಎಷ್ಟೇ ಶುದ್ಧವಾಗಿದ್ದರೂ ಮುಳುಗುವ ಅಪಾಯ ಇದ್ದೇ ಇದೆ. 2024ರ ನವೆಂಬರ್‌ನಲ್ಲಿ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಜೀವ ಕಳೆದುಕೊಂಡದ್ದು ನಮಗೆಲ್ಲ ಗೊತ್ತು. ಕೊಳದ ಸುತ್ತ ಬೇಲಿ, ಬೀಗ ಹಾಕುವ ಗೇಟು ಮಾಡಿಸಿದ ಮೇಲೆ ಯಂತ್ರದ ಖರ್ಚಿಗೆ ಕೈ ಹಾಕಿ. ಯಂತ್ರದ ಅಂಗಡಿಗೆ ಹೋಗುವಾಗ ನೀರಿನ ಟೆಸ್ಟ್ ರಿಪೋರ್ಟ್ ಕೈಯಲ್ಲಿರಲಿ.