ಕ್ಯಾನ್ಸರ್ ಚಿಕಿತ್ಸೆಯ ನಂತರ: ನಿದ್ದೆಯಿಲ್ಲದ ಇರುಳು, ಮಬ್ಬು ಕವಿದ ಹಗಲು

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬುದು ನಮ್ಮ ಗಾದೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ಸತ್ಯ. ಗಡ್ಡೆಯನ್ನು ತೆಗೆದಾಗಿದೆ, ಕೀಮೊಥೆರಪಿ ಮುಗಿದಿದೆ, ಸ್ಕ್ಯಾನ್ ವರದಿ ಸಮಾಧಾನಕರವಾಗಿದೆ. ಬಂಧುಗಳು 'ಎಲ್ಲ ಮುಗಿಯಿತಲ್ಲ, ಇನ್ನೇನು ಚಿಂತೆ' ಎನ್ನುತ್ತಾರೆ. ಆದರೆ ನಡುರಾತ್ರಿ ತೆರೆದ ಕಣ್ಣು ಮತ್ತೆ ಮುಚ್ಚುವುದಿಲ್ಲ. ಹಗಲಿನಲ್ಲಿ ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ. ಒಂದೇ ಇ-ಮೇಲನ್ನು ಮೂರು ಸಲ ಓದಬೇಕಾಗುತ್ತದೆ. ಇವು ಸೋಮಾರಿತನದ ಲಕ್ಷಣಗಳಲ್ಲ, ಮನೋದೌರ್ಬಲ್ಯವೂ ಅಲ್ಲ. ವೈದ್ಯಶಾಸ್ತ್ರ ಗುರುತಿಸಿರುವ, ಬಹುಮಟ್ಟಿಗೆ ಉಪಶಮನಗೊಳಿಸಬಹುದಾದ ತೊಂದರೆಗಳು.

ನಾನು ವೃತ್ತಿಯಿಂದ ವೈದ್ಯ. ವಾಸ ಸಾಲ್ಫರ್ಡಿನ ಮೀಡಿಯಾಸಿಟಿಯ ಸಮೀಪ. 1894ರಲ್ಲಿ ತೆರೆದ ಮ್ಯಾಂಚೆಸ್ಟರ್ ಹಡಗು ಕಾಲುವೆಯ ದಡದ ಈ ಬಂದರಿನ ಕಟ್ಟೆಗಳು 1982ರಲ್ಲಿ ಮುಚ್ಚಿದವು. 2011ರಿಂದ ಬಿಬಿಸಿಯ ಹಲವು ವಿಭಾಗಗಳು ಇಲ್ಲಿಗೆ ಬಂದವು. ಮೈಮುರಿದು ಮೂಟೆ ಹೊರುವವರ ಜಾಗದಲ್ಲಿ ಈಗ ನೆನಪು, ಏಕಾಗ್ರತೆ ಮತ್ತು ಮಾತುಗಳಿಂದ ಬದುಕು ಕಟ್ಟಿಕೊಂಡವರಿದ್ದಾರೆ. ವಲಸೆ ಬಂದ ನಮ್ಮಲ್ಲಿ ಬಹುಪಾಲು ಜನರೂ ಇಂಥ ಉದ್ಯೋಗಗಳಲ್ಲೇ ಇರುವವರು. ಆದ್ದರಿಂದ ಈ ಮಬ್ಬು ನೇರವಾಗಿ ಅನ್ನದ ಪ್ರಶ್ನೆಯಾಗುತ್ತದೆ.

ಮಬ್ಬಿನ ಮೂಲ

ಆಡುಮಾತಿನಲ್ಲಿ ಇದನ್ನು 'ಕೀಮೊ ಬ್ರೇನ್' ಎನ್ನುವುದುಂಟು. ಹೆಸರು ಸುಲಭವಾದರೂ ಪೂರ್ತಿ ಸರಿಯಲ್ಲ. 2004ರಲ್ಲಿ ಅಮೆರಿಕದ ವೆಫೆಲ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಕೀಮೊಥೆರಪಿ ಆರಂಭವಾಗುವ ಮೊದಲೇ ಗ್ರಹಣಶಕ್ತಿಯ ಕುಂದು ಕಂಡುಬಂದಿತ್ತು. ಅಂದರೆ ರೋಗವೇ ಉಂಟುಮಾಡುವ ಉರಿಯೂತ, ಆತಂಕ, ದಣಿವು, ರಕ್ತಹೀನತೆ ಎಲ್ಲವೂ ಇದರಲ್ಲಿ ಪಾಲುದಾರರು. ಚಿಕಿತ್ಸೆ ಅದಕ್ಕೆ ಇನ್ನಷ್ಟನ್ನು ಸೇರಿಸುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ದೊಡ್ಡ ಅಧ್ಯಯನದಲ್ಲಿ, ಕೀಮೊಥೆರಪಿ ಮುಗಿದ ಆರು ತಿಂಗಳ ನಂತರವೂ ಶೇ. 36.5 ಮಹಿಳೆಯರು ತಮ್ಮ ಗ್ರಹಣಶಕ್ತಿ ಮೊದಲಿಗಿಂತ ಗಮನಾರ್ಹವಾಗಿ ಕುಂದಿದೆ ಎಂದರು. ಕ್ಯಾನ್ಸರ್ ಇಲ್ಲದವರಲ್ಲಿ ಈ ಪ್ರಮಾಣ ಶೇ. 13.6.

ಶಸ್ತ್ರಚಿಕಿತ್ಸೆಯದು ಬೇರೆಯೇ ಕತೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ, ಅರವತ್ತು ದಾಟಿದ 1,218 ಜನರನ್ನು ಪರೀಕ್ಷಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರದ ನಂತರ ಶೇ. 25.8 ಜನರಲ್ಲಿ, ಮೂರು ತಿಂಗಳ ನಂತರ ಶೇ. 9.9 ಜನರಲ್ಲಿ ಗ್ರಹಣಶಕ್ತಿಯ ಕುಂದು ಇತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು: ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ. ಇದು ಮರೆವಿನ ಕಾಯಿಲೆಯ ಹಾಗೆ ದಿನೇದಿನೇ ಬೆಳೆಯುವಂಥದ್ದಲ್ಲ. ಸಾಮಾನ್ಯವಾಗಿ ಸ್ಥಿರವಾಗಿರುತ್ತದೆ, ಇಲ್ಲವೇ ನಿಧಾನವಾಗಿ ತಿಳಿಯಾಗುತ್ತದೆ.

ನಿದ್ದೆ ಏಕೆ ಕೆಡುತ್ತದೆ?

ನಿದ್ರಾಹೀನತೆಯ ಕಾರಣಗಳನ್ನು ಅಮೆರಿಕದ ಮನೋವಿಜ್ಞಾನಿ ಆರ್ಥರ್ ಸ್ಪೀಲ್ಮನ್ 1987ರಲ್ಲಿ ಮೂರಾಗಿ ವಿಂಗಡಿಸಿದರು: ಮೊದಲೇ ಇರುವ ಒಲವು, ಆರಂಭಿಸಿದ ಪ್ರಸಂಗ, ಮುಂದುವರಿಸುವ ಅಭ್ಯಾಸ. ಬೇಗ ಕಳವಳಗೊಳ್ಳುವ ಸ್ವಭಾವ ಮೊದಲನೆಯದು. ನೋವು, ಡೆಕ್ಸಾಮೆಥಸೋನ್‌ನಂತಹ ಸ್ಟೀರಾಯ್ಡ್, ಶಸ್ತ್ರಚಿಕಿತ್ಸೆ, ಹಠಾತ್ತಾಗಿ ಬಂದ ಋತುಬಂಧ ಇವು ಎರಡನೆಯವು. ಕಳೆದುಹೋದ ನಿದ್ದೆಯನ್ನು ತುಂಬಿಕೊಳ್ಳಲು ಹತ್ತು ಗಂಟೆ ಹಾಸಿಗೆಯಲ್ಲೇ ಕಳೆಯುವುದು, ಮಧ್ಯಾಹ್ನ ದೀರ್ಘವಾಗಿ ಮಲಗುವುದು, ಇರುಳೆಲ್ಲ ಗಡಿಯಾರ ನೋಡುವುದು ಮೂರನೆಯವು. ಪ್ರಸಂಗ ಮುಗಿದ ಮೇಲೂ ನಿದ್ದೆ ಬಾರದಿರುವುದಕ್ಕೆ ಈ ಮೂರನೆಯದೇ ಮುಖ್ಯ ಕಾರಣ. ಚಿಕಿತ್ಸೆಯೂ ಇದನ್ನೇ ಹಿಡಿದು ಸಾಗುತ್ತದೆ.

ನಮ್ಮ ಊರಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಟ್ಯಾಮೋಕ್ಸಿಫೆನ್ ಎಂಬ ಔಷಧವನ್ನು 1962ರಲ್ಲಿ ಪಕ್ಕದ ಚೆಷೈರ್‌ನ ಆಲ್ಡರ್ಲಿ ಪಾರ್ಕ್‌ನಲ್ಲಿ ಐಸಿಐ ಕಂಪನಿಯ ರಸಾಯನಶಾಸ್ತ್ರಜ್ಞೆ ಡೋರಾ ರಿಚರ್ಡ್ಸನ್ ಸಿದ್ಧಪಡಿಸಿದರು. ಸ್ತನ ಕ್ಯಾನ್ಸರಿನಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ. ಮೇರಿ ಕೋಲ್ ಮತ್ತು ಸಹೋದ್ಯೋಗಿಗಳ ವರದಿ 1971ರಲ್ಲಿ ಬಂತು. ಅಸಂಖ್ಯ ಜೀವಗಳನ್ನು ಉಳಿಸಿದ ಈ ಮಾತ್ರೆಯನ್ನು ಇಂದು 5ರಿಂದ 10 ವರ್ಷ ಸೇವಿಸುವುದುಂಟು. ಅದು ತರುವ ಬಿಸಿಯುಬ್ಬರ, ರಾತ್ರಿಯ ಬೆವರು ಅಷ್ಟೂ ವರ್ಷ ನಿದ್ದೆಯನ್ನು ಕಾಡಬಹುದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆ ಪಡೆಯುವ ಗಂಡಸರಿಗೂ ಇದೇ ಪಾಡು. ಆದರೆ ಸಂಕಟ ತಾಳಲಾರದೆ ಈ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು, ಬಿಸಿಯುಬ್ಬರಕ್ಕೆ ಚಿಕಿತ್ಸೆಯಿದೆ. ಪ್ಯಾರೊಕ್ಸೆಟಿನ್ ಎಂಬ ಖಿನ್ನತೆಯ ಔಷಧ ಟ್ಯಾಮೋಕ್ಸಿಫೆನ್ ದೇಹದಲ್ಲಿ ಸಕ್ರಿಯವಾಗುವುದನ್ನು ತಡೆಯುತ್ತದೆ. ಆದ್ದರಿಂದ ಹೊಸ ಮಾತ್ರೆ ಯಾವುದೇ ಇರಲಿ, ವೈದ್ಯರಿಗೆ ಪೂರ್ತಿ ಪಟ್ಟಿ ತೋರಿಸಿ.

ಇನ್ನೊಂದು ಕಾರಣ ಬೆಳಕು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ನಾವು 53 ಡಿಗ್ರಿ ದಾಟಿದ್ದೇವೆ. ಜೂನ್‌ನಲ್ಲಿ ಇಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯೋದಯ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಅಸ್ತಮಾನ. ದೇಹದ ಗಡಿಯಾರ ಬೆಳಕನ್ನು ನೋಡಿಯೇ ನಡೆಯುತ್ತದೆ. ಇದರ ಮೇಲೆ ಊರಿನವರ ಬೆಳಗಿನ ಆರು ಗಂಟೆಯ ವಾಟ್ಸಾಪ್ ಶುಭೋದಯ ನಮಗೆ ತಲುಪುವುದು ನಡುರಾತ್ರಿಯ ನಂತರ!

ಮೊದಲು ಪರೀಕ್ಷಿಸಬೇಕಾದವು

ಎಲ್ಲವನ್ನೂ ಕೀಮೊದ ತಲೆಗೆ ಕಟ್ಟುವ ಮೊದಲು ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ (ಕುತ್ತಿಗೆಗೆ ವಿಕಿರಣ ಪಡೆದವರಲ್ಲಿ ವಿಶೇಷವಾಗಿ), ಮಧುಮೇಹ, ಖಿನ್ನತೆ, ಗೊರಕೆಯೊಡನೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇವು ಆ ಪಟ್ಟಿಯಲ್ಲಿವೆ. ಸಸ್ಯಾಹಾರಿಗಳಾದ ನಮ್ಮವರಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಅದೊಂದೇ ಮರೆವನ್ನು ತರಬಲ್ಲದು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಆಂಟಿಹಿಸ್ಟಮಿನ್ ನಿದ್ದೆ ಮಾತ್ರೆಗಳು ಮರುದಿನದ ಮಬ್ಬನ್ನು ಹೆಚ್ಚಿಸುತ್ತವೆ. ಊರಿನಿಂದ ತರಿಸಿದ ಅಶ್ವಗಂಧವೂ ನಿರಪಾಯವೆಂದು ಭಾವಿಸಬೇಡಿ: ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ, ಥೈರಾಯ್ಡ್ ಮಟ್ಟವನ್ನೂ ಅದು ಏರುಪೇರು ಮಾಡಬಹುದು.

ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ. ಹಠಾತ್ ಗೊಂದಲ, ಅಪಸ್ಮಾರ, ಕೈಕಾಲಿನ ಬಲಹೀನತೆ, ವಾಂತಿಯೊಡನೆ ಹೆಚ್ಚುತ್ತಿರುವ ತಲೆನೋವು, ಕೀಮೊಥೆರಪಿಯ ಅವಧಿಯಲ್ಲಿ ಜ್ವರ ಕಂಡರೆ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು.

ಏನು ಫಲಿಸುತ್ತದೆ?

ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ. ಸಿಬಿಟಿ-ಐ ಎಂದು ಕರೆಯುವ ನಡವಳಿಕೆ ಮತ್ತು ಚಿಂತನಾಕ್ರಮದ ಚಿಕಿತ್ಸೆ. ಕಾಲಿನ್ ಎಸ್ಪಿ ಅವರ ತಂಡ ಸ್ಕಾಟ್ಲೆಂಡಿನಲ್ಲಿ 150 ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ದಾದಿಯರು ಸಣ್ಣ ಗುಂಪುಗಳಿಗೆ ವಾರಕ್ಕೊಮ್ಮೆಯಂತೆ ಐದು ತರಗತಿ ನಡೆಸಿದರು. ರಾತ್ರಿ ಎಚ್ಚರವಾಗಿರುವ ಸಮಯ ಸರಾಸರಿ 55 ನಿಮಿಷ ಕಡಿಮೆಯಾಯಿತು.

ಅದರ ತಿರುಳು ಸರಳ. ಏಳುವ ಹೊತ್ತು ಪ್ರತಿದಿನ ಒಂದೇ ಇರಲಿ. ನಿದ್ದೆ ಬಂದಾಗಲೇ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮರಳಿ. ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ನಿಜವಾಗಿ ನಿದ್ರಿಸುವಷ್ಟಕ್ಕೆ ತಗ್ಗಿಸಿ (ಐದು ಗಂಟೆಗಿಂತ ಕಡಿಮೆ ಮಾಡದೆ) ನಿದ್ದೆ ಗಟ್ಟಿಯಾದಂತೆ ಹಂತಹಂತವಾಗಿ ಹೆಚ್ಚಿಸಿ. ಮೊದಲ ವಾರ ಕಷ್ಟವೆನಿಸುತ್ತದೆ, ಅದು ನಿರೀಕ್ಷಿತ. ಅಪಸ್ಮಾರ, ಮಿದುಳಿನ ಗಡ್ಡೆ ಅಥವಾ ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ನಿದ್ದೆಯ ಸಮಯ ಕಡಿತಗೊಳಿಸಬಾರದು. ಸ್ಟೀರಾಯ್ಡ್ ಮಾತ್ರೆಗಳನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ತಂಡವನ್ನು ಕೇಳಿ. ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ 'ಸ್ಲೀಪಿಯೊ' ಎಂಬ ಆನ್‌ಲೈನ್ ಸಿಬಿಟಿ-ಐ ಕಾರ್ಯಕ್ರಮವನ್ನೂ, ಅದು ಫಲಿಸದವರಿಗೆ ಅಥವಾ ದೊರೆಯದವರಿಗೆ 2023ರಲ್ಲಿ ಡಾರಿಡೊರೆಕ್ಸಾಂಟ್ ಮಾತ್ರೆಯನ್ನೂ ಶಿಫಾರಸು ಮಾಡಿದೆ.

ಮಬ್ಬನ್ನು ಅಳಿಸುವ ಮಾತ್ರೆ ಇನ್ನೂ ಬಂದಿಲ್ಲ. ನಿಯಮಿತ ನಡಿಗೆ, ಬೆಳಗಿನ ಬಯಲು ಬೆಳಕು, ಒಂದು ಸಲಕ್ಕೆ ಒಂದೇ ಕೆಲಸ, ಎಲ್ಲವನ್ನೂ ಬರೆದಿಡುವ ಒಂದೇ ಪುಸ್ತಕ, ಕಠಿಣ ಕೆಲಸಕ್ಕೆ ತಲೆ ತಿಳಿಯಾಗಿರುವ ಹೊತ್ತು: ಇವು ನೆರವಾಗುತ್ತವೆ. ನಿದ್ದೆ ಸುಧಾರಿಸಿದರೆ ಮಬ್ಬಿನಲ್ಲಿ ಒಂದು ಪಾಲು ತಾನಾಗಿಯೇ ಸರಿಯುವುದುಂಟು. ಹಗಲಿನಲ್ಲಿ ತೂಕಡಿಸುವವರು ಮಾತ್ರ ಕಾರು ಓಡಿಸಬಾರದು.

ಉದ್ಯೋಗ, ಭಾಷೆ, ಮನೆ

2010ರ ಈಕ್ವಾಲಿಟಿ ಕಾಯಿದೆಯ ಪ್ರಕಾರ ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ವ್ಯಕ್ತಿಗೆ ಅಂಗವಿಕಲರಿಗಿರುವ ರಕ್ಷಣೆ ದೊರೆಯುತ್ತದೆ. ಹಂತಹಂತವಾಗಿ ಕೆಲಸಕ್ಕೆ ಮರಳುವುದು, ಸಭೆಯ ನಿರ್ಣಯಗಳನ್ನು ಬರಹದಲ್ಲಿ ಪಡೆಯುವುದು, ಮನೆಯಿಂದ ದುಡಿಯುವುದು ಇಂಥ ಯುಕ್ತ ಹೊಂದಾಣಿಕೆಗಳನ್ನು ನೀವು ಕೇಳಬಹುದು. ಜಿಪಿ ಕೊಡುವ ಫಿಟ್ ನೋಟ್‌ನಲ್ಲಿ ಇವನ್ನು ಬರೆಸಿಕೊಳ್ಳಿ. ಕ್ರಿಸ್ಟಿಯ ಆವರಣದ ಬಳಿ 2016ರಲ್ಲಿ ತೆರೆದ ಮ್ಯಾಗೀಸ್ ಕೇಂದ್ರಕ್ಕೆ ಯಾರ ಶಿಫಾರಸೂ ಬೇಡ, ಶುಲ್ಕವೂ ಇಲ್ಲ.

ದ್ವಿಭಾಷಿಗಳಾದ ನಮಗೆ ಮತ್ತೊಂದು ಸೂಕ್ಷ್ಮವಿದೆ. ದಣಿದ ಮನಸ್ಸಿಗೆ ಕಲಿತ ಭಾಷೆಯ ಪದಗಳು ಮೊದಲು ಕೈಕೊಡಬಹುದು. ಊರಿನಿಂದ ಬಂದು ನಮ್ಮೊಡನೆ ಇರುವ ಅಪ್ಪ-ಅಮ್ಮಂದಿರನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಫಲಿತಾಂಶ ತಪ್ಪುದಾರಿಗೆಳೆಯಬಹುದು. ಎನ್‌ಎಚ್‌ಎಸ್‌ನಲ್ಲಿ ಕನ್ನಡ ದುಭಾಷಿಯನ್ನು ಉಚಿತವಾಗಿ ಕೇಳುವುದು ನಿಮ್ಮ ಹಕ್ಕು. ಮಗನೋ ಸೊಸೆಯೋ ಆ ಕೆಲಸ ಮಾಡಬೇಕಾಗಿಲ್ಲ. ಅತ್ತೆಯ ಎದುರು ಸೊಸೆ, ಮಗನ ಎದುರು ತಾಯಿ ಬಾಯಿಬಿಟ್ಟು ಹೇಳಲಾರದ ಸಂಗತಿಗಳೂ ಇರುತ್ತವೆ.

ಮನೆಯವರಲ್ಲಿ ಒಂದು ವಿನಂತಿ. 'ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೋ' ಎಂಬ ಮಾತು ಸದುದ್ದೇಶದ್ದೇ ಇರಬಹುದು. ಆದರೆ ಕೇಳಿದವರು ಮುಂದೆ ತಮ್ಮ ತೊಂದರೆಯನ್ನು ಮುಚ್ಚಿಡಲು ಕಲಿಯುತ್ತಾರೆ. ಅದರ ಬದಲು ಎರಡು ವಾರ ಮಲಗಿದ, ಎದ್ದ ಹೊತ್ತನ್ನು ಬರೆದಿಡಲು ನೆರವಾಗಿ. ಆ ಒಂದು ಹಾಳೆಯನ್ನು, ಸೇವಿಸುವ ಔಷಧಗಳ ಪಟ್ಟಿಯೊಡನೆ ಜಿಪಿಯ ಮೇಜಿನ ಮೇಲಿಟ್ಟರೆ, ಹತ್ತು ನಿಮಿಷದ ಭೇಟಿಯಲ್ಲೂ ಸಾಕಷ್ಟು ಕೆಲಸ ಸಾಗುತ್ತದೆ.