ತಳಕಾಡುಗೊಂಡ: ಒಂದು ಹೊನ್ನ ನಾಣ್ಯ ಮತ್ತು ಅದನ್ನು ಪಡೆದವರು

ಹೆಬ್ಬೆರಳಿನ ಉಗುರಿನಷ್ಟಗಲದ ಹೊನ್ನಿನ ಬಿಲ್ಲೆಯೊಂದರ ಮೇಲೆ ಮೂರು ಸಾಲುಗಳಲ್ಲಿ 'ಶ್ರೀ ತಳಕಾಡುಗೊಣ್ಡ' ಎಂದು ಬರೆದಿದೆ. ಕನ್ನಡದ ಐತಿಹಾಸಿಕ ಪಠ್ಯಗಳಲ್ಲಿ ಇದಕ್ಕಿಂತ ಕಿರಿದಾದುದು ದೊರೆಯುವುದು ಕಷ್ಟ. ತಳಕಾಡನ್ನು ಕೊಂಡವನು ತಳಕಾಡುಗೊಂಡ. ಕಕಾರಕ್ಕೆ ಗಕಾರ ಆದೇಶವಾಗಿ ಬಂದಿರುವುದನ್ನು ಕೇಶಿರಾಜನ ವ್ಯಾಕರಣ ಓದಿದ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. 'ಕೊಳ್' ಎಂಬ ಧಾತುವಿಗೆ ನಮ್ಮ ಭಾಷೆಯಲ್ಲಿ ವಶಪಡಿಸಿಕೊಳ್ಳು ಎಂಬ ಅರ್ಥವೂ ಬೆಲೆ ಕೊಟ್ಟು ಪಡೆ ಎಂಬ ಅರ್ಥವೂ ಇರುವುದನ್ನು ಮಾತ್ರ ಇಲ್ಲಿ ನೆನೆಯಬೇಕು. ಅರಸನು ಊರನ್ನು ಕೊಂಡನು, ಅದರ ನೆನಪಿನ ನಾಣ್ಯವನ್ನು ಇಂದು ಸಂಗ್ರಾಹಕನು ಕೊಳ್ಳುತ್ತಾನೆ. ಈ ಎರಡು ಕೊಳ್ಳುವಿಕೆಗಳ ನಡುವೆ ನಾಣ್ಯವು ಯಾರ ಯಾರ ಕೈಗೆ ಹೇಗೆ ಸೇರಿತು ಎಂಬ ಪ್ರಶ್ನೆಯೇ ಈ ಲೇಖನದ ವಿಷಯ.

ನಾಣ್ಯದ ತೂಕ ಸುಮಾರು 4 ಗ್ರಾಂ, ಅಂದರೆ ಒಂದು ಗದ್ಯಾಣ. ಮುಂಬದಿಯಲ್ಲಿ ಕೇಸರವುಳ್ಳ ಸಿಂಹ, ಅದರ ಮೇಲೆ ಇನ್ನೊಂದು ಚಿಕ್ಕ ಸಿಂಹ, ಜೊತೆಗೆ ಸೂರ್ಯ ಚಂದ್ರರು. ಬೇಲೂರು ಹಳೇಬೀಡುಗಳಲ್ಲಿ ನೋಡಿ ನೋಡಿ ಕಣ್ಣಿಗೆ ಕಟ್ಟಿರುವ, ಮೃಗವನ್ನು ಇರಿಯುತ್ತಿರುವ ಸಳ ಇಲ್ಲಿ ಇಲ್ಲ. ಕಲ್ಲಿನ ಲಾಂಛನ ಮತ್ತು ಹೊನ್ನಿನ ಲಾಂಛನ ಒಂದೇ ಆಗಿರಲಿಲ್ಲ. ಇದೇ ಮಾದರಿಯಲ್ಲಿ 'ಶ್ರೀ ನೊಣಂಬವಾಡಿಗೊಣ್ಡ' ಎಂದು ಬರೆದ ನಾಣ್ಯಗಳೂ, ಹೊಯ್ಸಳರ ಹಳೆಯ ಬಿರುದಾದ 'ಮಲಪರೊಳ್ಗಣ್ಡ' ಎಂದು ಬರೆದ ನಾಣ್ಯಗಳೂ ಇವೆ. 1880ರ ದಶಕದಲ್ಲಿ ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಕುರಿತ ತನ್ನ ಗ್ರಂಥದಲ್ಲಿ ಇವುಗಳನ್ನು ಚಿತ್ರಸಹಿತ ವಿವರಿಸಿದನು. ಎ. ವಿ. ನರಸಿಂಹಮೂರ್ತಿಯವರ 'ದಿ ಕಾಯಿನ್ಸ್ ಆಫ್ ಕರ್ನಾಟಕ' 1975ರಲ್ಲಿ ಬಂದ ಮೇಲೆ ಈ ವಿಷಯದಲ್ಲಿ ಕೆಲಸ ಮಾಡುವವರು ಆ ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ರೂಢಿ.

ವ್ಯಾಪಾರಿಗಳ ಪಟ್ಟಿಗಳಲ್ಲಿ ಇದನ್ನು 'ವಿಷ್ಣುವರ್ಧನನ ವಿಜಯ ಸ್ಮಾರಕ ನಾಣ್ಯ, ಅತಿ ವಿರಳ' ಎಂಬ ಧಾಟಿಯಲ್ಲಿ ವರ್ಣಿಸುವುದುಂಟು. ಈ ವರ್ಣನೆಯಲ್ಲಿ ಎರಡು ಮಾತುಗಳಿವೆ, ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು.

ಮೊದಲು ವಿಜಯದ ಮಾತು. ಸುಮಾರು 1004ರಿಂದ ಚೋಳರ ಕೈಯಲ್ಲಿದ್ದು ರಾಜರಾಜಪುರವೆಂದು ಕರೆಯಿಸಿಕೊಂಡಿದ್ದ ತಳಕಾಡನ್ನು 1116-17ರ ಹೊತ್ತಿಗೆ ಹೊಯ್ಸಳರು ಗೆದ್ದರು. ಚೋಳ ಸಾಮಂತ ಅದಿಯಮನನ್ನು ಸೋಲಿಸಿ ಊರನ್ನು ಹಿಡಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಪರಮ ಜಿನಭಕ್ತ. ಅರಸನು ತಳಕಾಡಿನಲ್ಲಿ ಕೀರ್ತಿನಾರಾಯಣನನ್ನು, ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದನು. ದೇವರ ಹೆಸರಿಗೆ, ಬಿರುದಾವಳಿಗೆ, ನಾಣ್ಯಕ್ಕೆ ಗೆಲುವು ಹೀಗೆ ಹರಿದು ಬಂತು. ಹೆಸರಿಡುವುದರ ಮೂಲಕ ಸ್ಮರಿಸುವುದು ಆ ಆಸ್ಥಾನದ ಪದ್ಧತಿಯೇ ಆಗಿತ್ತು. ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, ತಂದೆಯ ಬಿರುದಿನಿಂದ ದ್ರೋಹಘರಟ್ಟ ಜಿನಾಲಯವನ್ನು ಕಟ್ಟಿಸಿದನು. ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ಅರಸನಲ್ಲಿಗೆ ಒಯ್ದಾಗ ಅವನಿಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಒದಗಿದ್ದವು. ಆ ಸಂತೋಷದಲ್ಲಿ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ.

ಇಷ್ಟರಿಂದ ನಾಣ್ಯವನ್ನು ತಳಕಾಡು ಗೆದ್ದ ವರ್ಷದಲ್ಲೇ ಅಚ್ಚು ಹಾಕಿದರೆಂದು ಹೇಳಬಹುದೇ? ನನಗೆ ಸಂದೇಹವಿದೆ. ನಾಣ್ಯದ ಮೇಲೆ ಶಕವರ್ಷವಿಲ್ಲ, ಅರಸನ ಹೆಸರೂ ಇಲ್ಲ. 'ತಳಕಾಡುಗೊಂಡ' ಎಂಬ ಬಿರುದನ್ನು ವಿಷ್ಣುವರ್ಧನನ ನಂತರದ ಹೊಯ್ಸಳರೂ ತಮ್ಮ ಪ್ರಶಸ್ತಿಗಳಲ್ಲಿ ಪಿತ್ರಾರ್ಜಿತ ಆಸ್ತಿಯಂತೆ ಹೊತ್ತುಕೊಂಡರು. ವಿಷ್ಣುವರ್ಧನನಿಗೆ ಈ ನಾಣ್ಯವನ್ನು ಸಲ್ಲಿಸುವುದು ಸಮಂಜಸವಾದ ಊಹೆ, ವಿದ್ವಾಂಸರು ಒಪ್ಪಿರುವ ಊಹೆ, ಆದರೂ ಊಹೆಯೇ. ಸಂಶೋಧನ ಪ್ರಬಂಧಗಳಲ್ಲಿ ಇದನ್ನು '1117ರ ನಾಣ್ಯ' ಎಂದು ಬರೆಯುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಗೆದ್ದ ದಂಡನಾಯಕನಿಗೆ ಏನು ಸಿಕ್ಕಿತು ಎಂಬುದಕ್ಕೆ ನಾಣ್ಯ ಉತ್ತರಿಸುವುದಿಲ್ಲ, ಶ್ರವಣಬೆಳಗೊಳದ ಕಲ್ಲು ಉತ್ತರಿಸುತ್ತದೆ. ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಗಂಗರಾಜ ಇರುಳಿನಲ್ಲಿ ಬಿದ್ದು ಚದರಿಸಿದಾಗ ಅರಸನು ಮೆಚ್ಚಿ, ಬೇಕಾದುದನ್ನು ಬೇಡು ಎಂದನು. ಗಂಗರಾಜ ಬೇಡಿದ್ದು ಪರಮ ಎಂಬ ಗ್ರಾಮವನ್ನು. ಪಡೆದ ಕೂಡಲೇ ಅದನ್ನು ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮೀದೇವಿಯೂ ಮಾಡಿಸಿದ್ದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಗಂಗವಾಡಿಯ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿದ, ಗೊಮ್ಮಟನಿಗೆ ಸುತ್ತಾಲಯ ಕಟ್ಟಿಸಿದ ಕೀರ್ತಿಯೂ ಅವನದೇ. ಅರಸನ ಮೆಚ್ಚುಗೆ ಇಲ್ಲಿ ಊರಾಗಿ ಬಂದು ದತ್ತಿಯಾಗಿ ಹೋಯಿತು. ಹೊನ್ನಿನ ಮೇಲೆ ಅರಸನ ಬಿರುದು, ಕಲ್ಲಿನ ಮೇಲೆ ದಂಡನಾಯಕನ ಔದಾರ್ಯ. ನಾಣ್ಯವನ್ನು ಮಾತ್ರ ಓದಿದವರಿಗೆ ಗಂಗರಾಜ ಇದ್ದನೆಂದೇ ತಿಳಿಯುವುದಿಲ್ಲ.

ಇನ್ನು ವಿರಳತೆಯ ಮಾತು. ಈ ನಾಣ್ಯಗಳು ಹುಟ್ಟಿದಾಗ ವಿರಳವಾಗಿದ್ದುವೆಂದು ನಂಬಲು ಆಧಾರವಿಲ್ಲ. ಶಾಸನಗಳಲ್ಲಿ ಲೆಕ್ಕ ನಡೆಯುವುದು ಗದ್ಯಾಣ, ಹೊನ್ನು, ಪಣ, ಹಾಗ, ವೀಸಗಳಲ್ಲಿ. ಹತ್ತು ಪಣಕ್ಕೆ ಒಂದು ಗದ್ಯಾಣ, ಪಣದ ಕಾಲು ಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಕೆಲವೊಮ್ಮೆ ಕಮ್ಮಟದ ಹೆಸರನ್ನೂ ಸೇರಿಸಿ ಹೇಳುವುದುಂಟು. ಲೊಕ್ಕಿಗುಂಡಿಯ ಕಮ್ಮಟದ ಗದ್ಯಾಣ 'ಲೊಕ್ಕಿ ಗದ್ಯಾಣ' ಎನಿಸಿಕೊಂಡಿತು. ಆದರೆ 'ಇಪ್ಪತ್ತು ತಳಕಾಡುಗೊಂಡ ಕೊಟ್ಟರು' ಎಂಬ ಪ್ರಯೋಗವನ್ನು ಹಾಸನ ಜಿಲ್ಲೆಯ ಶಾಸನಗಳಲ್ಲಿ ನಾನು ಕಂಡಿಲ್ಲ. ಕೊಡುವವನಿಗೂ ಕೊಳ್ಳುವವನಿಗೂ ಬೇಕಾಗಿದ್ದುದು ತೂಕ ಮತ್ತು ಬಣ್ಣ, ಬಿರುದಲ್ಲ. ಬೆಳಗೊಳದಲ್ಲಿ ಭಕ್ತರು ಕೆಲವು ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ಹಾಲು ಸಲ್ಲುವಂತೆ ಏರ್ಪಡಿಸಿದ ಶಾಸನಗಳಿವೆ. ಅರಸೀಕೆರೆಯಲ್ಲಿ 1220ರ ಸುಮಾರಿಗೆ 'ವಸುಧೈಕಬಾಂಧವ' ರೇಚರಸನು ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠಿಸಿದನು. ಅಲ್ಲಿಯ ಜಿನಾಲಯಕ್ಕೆ 'ಎಲ್ಕೋಟಿ ಜಿನಾಲಯ' ಎಂಬ ಹೆಸರು ಬರಲು ಊರ ಭವ್ಯಜನರ ಬೆಂಬಲವೇ ಕಾರಣ. ಹೊಯ್ಸಳರ ನಾಡಿನಲ್ಲಿ ಹೊನ್ನು ಹೀಗೆ ಕೈಯಿಂದ ಕೈಗೆ ಓಡಾಡುತ್ತಿತ್ತು.

ಹಾಗಾದರೆ ಅದು ಈಗ ವಿರಳವಾದುದೇಕೆ? ಕುಲುಮೆಯಿಂದ. ಅರಸರು ಬದಲಾದಂತೆ ಹಳೆಯ ನಾಣ್ಯ ಕರಗಿ ಹೊಸದಾಗುತ್ತದೆ. 1311ರಲ್ಲಿ ಮಲಿಕ್ ಕಾಫೂರನ ದಾಳಿಯಾದಾಗ ಮುಮ್ಮಡಿ ಬಲ್ಲಾಳನ ಭಂಡಾರದ ಸಂಪತ್ತು ದೆಹಲಿಯ ದಾರಿ ಹಿಡಿಯಿತು. ಹಾಗೆ ಹೋಗದೆ ಉಳಿದದ್ದಕ್ಕೂ ಅಕ್ಕಸಾಲಿಗನ ಮೂಸೆ ತಪ್ಪಲಿಲ್ಲ. ತಪ್ಪಿದವುಗಳಲ್ಲಿ ಕೆಲವು ಕೊಂಡಿ ಬೆಸೆಯಿಸಿಕೊಂಡು ಕೊರಳ ಸರ ಸೇರಿದವು. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ಕುಡಿಕೆಗಳ ಕಥೆಯೂ ಹೀಗೆಯೇ ಮುಗಿಯುವುದು ಹೆಚ್ಚು. ಕಾನೂನು ಇಲ್ಲದಿಲ್ಲ. ಬ್ರಿಟಿಷ್ ಭಾರತದ 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಕಂಡವನು ಕಲೆಕ್ಟರನಿಗೆ ತಿಳಿಸಬೇಕು. ಬೇರೆ ಹಕ್ಕುದಾರರಿಲ್ಲದೆ, ಬೇರೆ ಒಪ್ಪಂದವೂ ಇಲ್ಲದಿದ್ದರೆ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ನೆಲದ ಒಡೆಯನಿಗೆ. ಸರ್ಕಾರವೇ ಪಡೆಯಬಯಸಿದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯಿದೆಯಿದೆ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ಹಳೆಯ ನಾಣ್ಯ ಪುರಾವಸ್ತು, ಅನುಮತಿಯಿಲ್ಲದೆ ದೇಶದ ಹೊರಗೆ ಹೋಗುವಂತಿಲ್ಲ. ಆದರೆ ಗದ್ಯಾಣವೊಂದು ಎಲ್ಲಿ, ಯಾವ ಕುಡಿಕೆಯಲ್ಲಿ, ಯಾವ ನಾಣ್ಯಗಳ ಜೊತೆಗೆ ಸಿಕ್ಕಿತು ಎಂಬ ವಿವರವು ಕಂಡವನಿಂದ ಮೊದಲ ದಲ್ಲಾಳಿಗೆ ದಾಟುವಾಗಲೇ ಅಳಿಸಿಹೋಗುತ್ತದೆ. ನಾಣ್ಯದಲ್ಲಿ ಕಾಲ ಬರೆದಿಲ್ಲವೆಂದು ಮೇಲೆ ಹೇಳಿದೆ. ಕಾಲವನ್ನು ಹೇಳಬಹುದಾಗಿದ್ದ ಏಕೈಕ ಸಾಕ್ಷಿ ಆ ಕುಡಿಕೆಯ ಜೊತೆಗಾರ ನಾಣ್ಯಗಳು. ಅವು ಬೇರೆ ಬೇರೆ ಗಿರಾಕಿಗಳ ಪೆಟ್ಟಿಗೆ ಸೇರಿದ ಮೇಲೆ ತಳಕಾಡುಗೊಂಡ ಯಾವ ಅರಸನದೆಂಬ ಚರ್ಚೆಯನ್ನು ಮುಗಿಸುವ ದಾರಿಯೇ ಇಲ್ಲ.

ಇಂದಿನ ಸ್ಮಾರಕ ನಾಣ್ಯದ ವಿರಳತೆ ತದ್ವಿರುದ್ಧ ರೀತಿಯದು, ಅದು ಹುಟ್ಟುವ ಮೊದಲೇ ನಿಶ್ಚಯವಾಗಿರುತ್ತದೆ. ಅಮೆರಿಕದ ಟಂಕಸಾಲೆ ಎರಡನೆಯ ಮಹಾಯುದ್ಧ ಮುಗಿದ 75ನೆಯ ವರ್ಷಕ್ಕೆ, 2020ರ ನವೆಂಬರ್ 5ರಂದು, ಒಂದು ಚಿನ್ನದ ನಾಣ್ಯವನ್ನು ಮಾರಾಟಕ್ಕಿಟ್ಟಿತು. ಸಂಖ್ಯೆ 1,945 ಮಾತ್ರ, ಯುದ್ಧ ಮುಗಿದ ಇಸವಿಯಷ್ಟೇ. ಮನೆಗೆ ಒಂದೇ ಎಂಬ ಮಿತಿ. ಕೆಲವೇ ನಿಮಿಷಗಳಲ್ಲಿ ತೀರಿಹೋಯಿತು. ನಮ್ಮ ದೇಶದಲ್ಲಿ ಸ್ವಾತಂತ್ರ್ಯಾನಂತರದ ಸ್ಮಾರಕ ನಾಣ್ಯಗಳು 1964ರಲ್ಲಿ ನೆಹರೂ ಅವರ ನೆನಪಿನ ನಾಣ್ಯಗಳಿಂದ ಮೊದಲಾದವು. ಅವು ಜನರ ಜೇಬಿಗೆ ಬಂದ ನಾಣ್ಯಗಳು. ಕ್ರಮೇಣ ಸಂಗ್ರಾಹಕರಿಗಾಗಿಯೇ ಪ್ರೂಫ್ ಮತ್ತು ಅನ್‌ಸರ್ಕ್ಯುಲೇಟೆಡ್ ಎಂಬ ಎರಡು ದರ್ಜೆಗಳಲ್ಲಿ, ಪೆಟ್ಟಿಗೆಯೊಳಗಿಟ್ಟು, ಮುಖಬೆಲೆಗಿಂತ ಹಲವು ಪಟ್ಟು ದರಕ್ಕೆ ಮಾರುವ ಕ್ರಮ ಬೆಳೆಯಿತು. ಸರ್ಕಾರ ರಾಜಪತ್ರದಲ್ಲಿ ವಿನ್ಯಾಸ, ತೂಕ, ಲೋಹಗಳನ್ನು ಪ್ರಕಟಿಸುತ್ತದೆ. ಮುಂಬಯಿ, ಕೋಲ್ಕತ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳಲ್ಲೊಂದು ಅಚ್ಚು ಹಾಕುತ್ತದೆ. ಹಿಂದೆ ಅರ್ಜಿಯೊಡನೆ ಮುಂಗಡ ಹಣ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಅಂತರಜಾಲದಲ್ಲಿ ಮಾರಾಟ ತೆರೆದೊಡನೆ ಮೊದಲು ಬಂದವನಿಗೆ ಮೊದಲು. ಈ ನಿಯಮ ನಿಷ್ಪಕ್ಷಪಾತವೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ವೇಗದ ಸಂಪರ್ಕವೂ ಬಿಡುವೂ ಉಳ್ಳವನು, ಅದರಲ್ಲೂ ಮರುಮಾರಾಟಕ್ಕೆಂದೇ ಕಾದು ಕುಳಿತವನು, ಅಲ್ಲಿ ಮುಂದಿರುತ್ತಾನೆ. ಅರಸನ ಮೆಚ್ಚುಗೆಯಿಂದ ಹಂಚಿಕೆಯಾಗುತ್ತಿದ್ದ ಕಾಲದಲ್ಲಿ ಪಕ್ಷಪಾತ ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ. ಲೊಕ್ಕಿಗುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದೂ ಒಂದು ಮಿತಸಂಖ್ಯೆಯೇ. ಆದರೆ ಸಂಖ್ಯೆ ಅಲ್ಲಿ ಹಂಚುವವಳ ಶಕ್ತಿಯ ಗರಿಷ್ಠ ಮಿತಿಯಾಗಿತ್ತು, ಬೆಲೆ ಏರಿಸುವ ಉಪಾಯವಾಗಿರಲಿಲ್ಲ.

2001ರಲ್ಲಿ ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕಕ್ಕೆ ಭಾರತ ಸರ್ಕಾರ 5 ರೂಪಾಯಿ ಮತ್ತು 100 ರೂಪಾಯಿಯ ನಾಣ್ಯಗಳನ್ನು ಹೊರಡಿಸಿತು. 2550ನೆಯ ನಿರ್ವಾಣ ಮಹೋತ್ಸವಕ್ಕೆ 2024ರ ಏಪ್ರಿಲ್ 21ರಂದು ದೆಹಲಿಯಲ್ಲಿ ಮತ್ತೊಂದು ಸ್ಮಾರಕ ನಾಣ್ಯ ಬಿಡುಗಡೆಯಾಯಿತು. ಎಲ್ಲವನ್ನೂ ತೊರೆದು ಹೋದವರ ಹೆಸರಿನ ನಾಣ್ಯವನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದು ಸರಿಯೇ ಎಂದು ಯಾರಾದರೂ ಕೇಳಿದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆಯಬೇಕಾಗುತ್ತದೆ. ಶ್ರಾವಕನ ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ 'ಹಿರಣ್ಯ', 'ಸುವರ್ಣ' ಎಂಬ ಎರಡನ್ನು ಸೂತ್ರಕಾರರು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಎರಡೂ ಹೊನ್ನೇ ಅಲ್ಲವೇ, ಪುನರುಕ್ತಿಯೇಕೆ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹಿರಣ್ಯವೆಂದರೆ ಬೆಳ್ಳಿ ಮೊದಲಾದವುಗಳ, ವ್ಯವಹಾರಕ್ಕೆ ಒಳಪಟ್ಟ ರೂಪವೆಂದು ವಿವರಿಸಿ, ಸುವರ್ಣವು ಪ್ರಸಿದ್ಧವೇ ಎಂದು ಮುಂದೆ ಸಾಗುತ್ತಾರೆ. ನಾಣ್ಯಶಾಸ್ತ್ರದ ವಿದ್ಯಾರ್ಥಿಗೆ ಈ ವಿವೇಚನೆ ಬಹಳ ಉಪಯುಕ್ತ. ಲೋಹವನ್ನು ನಾಣ್ಯವನ್ನಾಗಿಸುವುದು ಅಚ್ಚಲ್ಲ, ವ್ಯವಹಾರ. ಬೆಳಗೊಳದಲ್ಲಿ ಬಡ್ಡಿ ದುಡಿದು ಹಾಲು ತಂದ ಗದ್ಯಾಣ ಹಿರಣ್ಯ. ಕೊಂಡಿ ಹಾಕಿಸಿಕೊಂಡು ಕೊರಳಿಗೇರಿದ ತಳಕಾಡುಗೊಂಡ ಸುವರ್ಣ. ಚಲಾವಣೆಗೆ ಎಂದೂ ಇಳಿಯದ 100 ರೂಪಾಯಿಯ ನಾಣ್ಯ ಕಾನೂನಿನ ಪ್ರಕಾರ ಹಿರಣ್ಯ, ಬಳಕೆಯಲ್ಲಿ ಸುವರ್ಣದ ಪಾಲಿನದು. ಇದನ್ನು ಯಾವ ಲೆಕ್ಕದಲ್ಲಿ ಪರಿಮಾಣಕ್ಕೆ ಸೇರಿಸಬೇಕೆಂದು ಹಿಂದಿನ ವ್ಯಾಖ್ಯಾನಕಾರರು ಯೋಚಿಸುವ ಪ್ರಸಂಗವೇ ಬರಲಿಲ್ಲ.

ಅರಸೀಕೆರೆಯಲ್ಲಿ ನನ್ನ ಹಿರಿಯ ಮಿತ್ರರೊಬ್ಬರಿದ್ದಾರೆ, ನಿವೃತ್ತ ಅಧ್ಯಾಪಕರು. 2001ರ ಮಹಾವೀರ ನಾಣ್ಯಗಳು ಎರಡೂ ಅವರಲ್ಲಿವೆ. 100 ರೂಪಾಯಿಯದನ್ನು ನಾಣ್ಯಮೇಳವೊಂದರಲ್ಲಿ ಕೊಂಡದ್ದು. ಎಷ್ಟು ಕೊಟ್ಟರೆಂದು ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ. 5 ರೂಪಾಯಿಯದು ಕೊಬ್ಬರಿ ಮಂಡಿಯ ಬಳಿ ಕಾಫಿ ಕುಡಿದಾಗ ಚಿಲ್ಲರೆಯಾಗಿ ಬಂತು. ಅಂಚು ಸವೆದಿದೆ, ಇಸವಿ ಓದಬಹುದು. ಕಳೆದ ಸಲ ಇಬ್ಬರೂ ಹಳೇಬೀಡಿನ ಬಸದಿಗಳಿಗೆ ಹೋಗಿದ್ದಾಗ ಅವರು ಅದನ್ನು ಅಂಗಿಯ ಜೇಬಿನಲ್ಲಿ, ಬಸ್ಸಿನ ಚಿಲ್ಲರೆಯನ್ನು ಪಂಚೆಯ ಸೆರಗಿನಲ್ಲಿ ಇಟ್ಟುಕೊಂಡಿದ್ದರು. ಎಲ್ಲಿ ಮರೆತು ಕಂಡಕ್ಟರಿಗೆ ಕೊಟ್ಟುಬಿಡುತ್ತೇನೋ ಎಂಬ ಭಯ ಅವರಿಗೆ.